ಸರೋವರದ ಮಣ್ಣಿನಿಂದ ಎದ್ದ ಊರು: ಶಿಕಾಗೋದ ಪುಲ್ಮನ್ ಬಡಾವಣೆ

ಶಿಕಾಗೋ ನಗರದ ನಡುಭಾಗದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಕ್ಯಾಲ್ಯುಮೆಟ್ ಸರೋವರದ ಪಶ್ಚಿಮ ದಿಕ್ಕಿಗೆ ಪುಲ್ಮನ್ ಎಂಬ ಬಡಾವಣೆಯಿದೆ. ಇದನ್ನು 1880ರಿಂದಾಚೆಗೆ ಒಂದೇ ಕಂಪನಿ ತನ್ನ ಜಮೀನಿನಲ್ಲಿ, ತನ್ನ ಹಣದಲ್ಲಿ, ತನ್ನ ಕಾರ್ಖಾನೆಯ ಪಕ್ಕದಲ್ಲಿ ಕಟ್ಟಿತು. ಮನೆ, ಅಂಗಡಿ, ಚರ್ಚು, ಹೋಟೆಲು, ಗ್ರಂಥಾಲಯ, ಬೀದಿಯ ಮರ, ಎಲ್ಲವೂ ಕಂಪನಿಯದೇ ಆಗಿದ್ದವು. ಅಮೆರಿಕದ ಕಾರ್ಮಿಕರು ಆ ಕಾಲದಲ್ಲಿ ಕಂಡಿದ್ದ ವಸತಿಗಳ ಪೈಕಿ ಅತ್ಯಂತ ಶುಚಿಯಾದವು ಇಲ್ಲಿದ್ದವು. ಆ ದೇಶ ಅದುವರೆಗೆ ಕಂಡಿದ್ದ ಅತ್ಯಂತ ದೊಡ್ಡ ಮುಷ್ಕರಗಳಲ್ಲಿ ಒಂದು ಶುರುವಾದದ್ದೂ ಇಲ್ಲಿಂದಲೇ. ಈ ಎರಡು ಸಂಗತಿಗಳು ಒಂದೇ ಊರಿನಲ್ಲಿ ಹೇಗೆ ಕೂಡಿಬಂದವು ಎಂದು ಕೇಳಿದರೆ, ಮಾಲೀಕನ ದುರಾಸೆ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಅದರಲ್ಲಿ ಸತ್ಯಾಂಶವಿದ್ದರೂ ಊರಿನ ಲೆಕ್ಕಪತ್ರವನ್ನು ಇಟ್ಟ ಬಗೆಯನ್ನು ನೋಡದೆ ವಿಷಯ ಪೂರ್ತಿ ಅರ್ಥವಾಗುವುದಿಲ್ಲ.

ಜಾರ್ಜ್ ಪುಲ್ಮನ್ 1831ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವನು. ಮರಗೆಲಸ ಕಲಿತಿದ್ದ, ಕಟ್ಟಡಗಳನ್ನು ಜ್ಯಾಕಿನ ಮೇಲೆ ಎತ್ತಿ ಸರಿಸುವ ಕಸುಬು ತಂದೆಯಿಂದ ಬಂದಿತ್ತು. ಆಗ ಶಿಕಾಗೋದ ಬೀದಿಗಳು ಕೆಸರಿನಲ್ಲಿ ಹೂತುಹೋಗುತ್ತಿದ್ದುದರಿಂದ ನಗರವು ತನ್ನ ನೆಲಮಟ್ಟವನ್ನೇ ಏರಿಸಲು ಹೊರಟಿತ್ತು, ಆ ಕೆಲಸ ಹಿಡಿದು 1859ರಲ್ಲಿ ಅವನು ಅಲ್ಲಿಗೆ ಬಂದ. ನಂತರ ಮಲಗಿ ಪ್ರಯಾಣಿಸಬಹುದಾದ ರೈಲು ಬೋಗಿಗಳನ್ನು ಕಟ್ಟಿಸಿ, 1867ರಲ್ಲಿ ಪುಲ್ಮನ್ ಪ್ಯಾಲೇಸ್ ಕಾರ್ ಕಂಪನಿಯನ್ನು ಸ್ಥಾಪಿಸಿದ. ಈ ಕಂಪನಿಯ ವಹಿವಾಟಿನ ಒಂದು ವಿಶೇಷವನ್ನು ನೆನಪಿನಲ್ಲಿಡಬೇಕು: ಅದು ಮಲಗುವ ಬೋಗಿಗಳನ್ನು ರೈಲ್ವೆಗಳಿಗೆ ಮಾರಿ ಕೈತೊಳೆದುಕೊಳ್ಳುತ್ತಿರಲಿಲ್ಲ, ತನ್ನ ಒಡೆತನದಲ್ಲೇ ಇಟ್ಟುಕೊಂಡು ಓಡಿಸುತ್ತಿತ್ತು. ಪ್ರಯಾಣಿಕ ರೈಲಿನ ಟಿಕೆಟ್ಟಿನ ಮೇಲೆ ಪುಲ್ಮನ್ ಕಂಪನಿಗೆ ಬೇರೆ ಶುಲ್ಕ ಕೊಡುತ್ತಿದ್ದ. ಸ್ವತ್ತನ್ನು ಕೈಬಿಡದೆ ಅದರಿಂದ ವರ್ಷವರ್ಷವೂ ಬಾಡಿಗೆ ಎತ್ತುವ ಈ ರೂಢಿಯನ್ನೇ ಅವನು ಊರಿಗೂ ಅನ್ವಯಿಸಿದ.

1877ರಲ್ಲಿ ಅಮೆರಿಕದಾದ್ಯಂತ ನಡೆದ ರೈಲ್ವೆ ಮುಷ್ಕರದ ಬಿಸಿ ಶಿಕಾಗೋಗೂ ತಟ್ಟಿತ್ತು. ನಗರದ ಕೊಳೆಗೇರಿ, ಹೆಂಡದಂಗಡಿ ಮತ್ತು ಕಾರ್ಮಿಕ ಸಂಘಗಳಿಂದ ದೂರವಿಟ್ಟರೆ ಕೆಲಸಗಾರ ಹೆಚ್ಚು ಆರೋಗ್ಯವಂತನೂ ನಿಷ್ಠನೂ ಆಗುತ್ತಾನೆ, ಅವನ ಕೆಲಸದ ಗುಣಮಟ್ಟವೂ ಏರುತ್ತದೆ ಎಂಬುದು ಪುಲ್ಮನ್‌ನ ನಂಬಿಕೆಯಾಗಿತ್ತು. ಜಾಗ ಹುಡುಕುತ್ತ ಅವನ ಕಣ್ಣು ಬಿದ್ದದ್ದು ಕ್ಯಾಲ್ಯುಮೆಟ್ ಸರೋವರದ ದಂಡೆಯ ಜೌಗು ಹುಲ್ಲುಗಾವಲಿನ ಮೇಲೆ. ಹಿಮಯುಗದ ನಂತರ ಹಿಂಜರಿದ ನೀರು ಬಿಟ್ಟುಹೋದ ಈ ಸರೋವರದ ಆಳ ಕೆಲವೇ ಅಡಿ. ಅದರ ನೀರು ಕ್ಯಾಲ್ಯುಮೆಟ್ ನದಿಯ ಮೂಲಕ ಮಿಶಿಗನ್ ಮಹಾಸರೋವರವನ್ನು ಸೇರುತ್ತಿತ್ತು. ಪಕ್ಕದಲ್ಲೇ ಇಲಿನಾಯ್ ಸೆಂಟ್ರಲ್ ರೈಲ್ವೆಯ ಹಳಿ ಹಾದುಹೋಗಿತ್ತು. ಬೇಸಾಯಕ್ಕೆ ಅಷ್ಟಾಗಿ ಒದಗದ ನೆಲವಾದ್ದರಿಂದ ಅಗ್ಗವೂ ಆಗಿತ್ತು. ಸುಮಾರು 4,000 ಎಕರೆಯನ್ನು ಕಂಪನಿ ಸದ್ದಿಲ್ಲದೆ ಕೊಂಡಿತು.

ಸರೋವರದ ದಂಡೆ ಎಂದರೆ ನೋಟಕ್ಕಾಗಿ ಆರಿಸಿದ ಜಾಗ ಎಂದು ಇಂದು ಅನ್ನಿಸಬಹುದು. ಅಲ್ಲಿ ವಿಹಾರಕ್ಕೂ ಅವಕಾಶವಿತ್ತು ನಿಜ. ದಡದ ಸಮೀಪದ ಒಂದು ದ್ವೀಪದಲ್ಲಿ ಆಟದ ಮೈದಾನ ಮಾಡಿ, ದೋಣಿ ಸ್ಪರ್ಧೆಗಳನ್ನು ನಡೆಸಿ, ನೋಡಲು ಬರುವವರಿಗೆಂದು ಆಸನಗಳನ್ನು ಹಾಕಿಸಿದ್ದರು. ಆದರೆ ಕಂಪನಿಯ ಮಟ್ಟಿಗೆ ಸರೋವರ ಮುಖ್ಯವಾಗಿ ಕಚ್ಚಾ ಸಾಮಗ್ರಿಯ ಕಣಜವಾಗಿತ್ತು. ಅದರ ತಳದಿಂದ ಜೇಡಿಮಣ್ಣನ್ನು ಎತ್ತಿ, ಊರಿನ ದಕ್ಷಿಣದಲ್ಲಿದ್ದ ಗೂಡುಗಳಲ್ಲಿ ಇಟ್ಟಿಗೆ ಸುಟ್ಟು, ಆ ಇಟ್ಟಿಗೆಯಿಂದಲೇ ಮನೆಗಳನ್ನೂ ಕಾರ್ಖಾನೆಯನ್ನೂ ಕಟ್ಟಿದರು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ಉಗ್ರಾಣಗಳಲ್ಲಿ ತುಂಬಿಟ್ಟು ಬೇಸಿಗೆಯಲ್ಲಿ ಮಾರಿದರು. ಮಳೆನೀರು ಹರಿದುಹೋಗಲು ತಗ್ಗೂ ಅದೇ ಆಗಿತ್ತು.

ಊರಿನ ನಕ್ಷೆ ಬರೆದದ್ದು ಸಾಲನ್ ಬೀಮನ್ ಎಂಬ, ಇನ್ನೂ ಮೂವತ್ತು ತುಂಬದ ವಾಸ್ತುಶಿಲ್ಪಿ. ತೋಟ ಮತ್ತು ಬೀದಿಗಳನ್ನು ರೂಪಿಸಿದವನು ನೇಥನ್ ಬ್ಯಾರೆಟ್. ಒಬ್ಬನೇ ವಾಸ್ತುಶಿಲ್ಪಿ ಒಂದೇ ಸಲಕ್ಕೆ ಇಡೀ ಊರನ್ನು ವಿನ್ಯಾಸ ಮಾಡುವುದು ಅಮೆರಿಕದಲ್ಲಿ ಹೊಸದು. 1881ರ ಜನವರಿ 1ರಂದು ಮೊದಲ ಕುಟುಂಬ ವಾಸಕ್ಕೆ ಬಂತು, ಅದೇ ವರ್ಷದ ಏಪ್ರಿಲ್‌ನಲ್ಲಿ ಕಾರ್ಖಾನೆ ಚಾಲನೆಗೊಂಡಿತು. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಜನ ಬೆರಗಾಗಿ ನೋಡಿದ್ದ 1,400 ಅಶ್ವಶಕ್ತಿಯ ಕಾರ್ಲಿಸ್ ಉಗಿಯಂತ್ರವನ್ನು ಪುಲ್ಮನ್ ಕೊಂಡು ತಂದು, ರೈಲಿನಲ್ಲಿ ಹೋಗುವವರಿಗೂ ಕಾಣುವಂತೆ ಗಾಜಿನ ಕಿಟಕಿಯ ಹಿಂದೆ ನಿಲ್ಲಿಸಿದ. ಆ ಯಂತ್ರದಿಂದ ಬಂದ ನೀರು ಕಾರ್ಖಾನೆಯ ಮುಂದಿನ ಕೃತಕ ಕೊಳವೊಂದಕ್ಕೆ ಬೀಳುತ್ತಿತ್ತು. ಅದಕ್ಕೆ ಲೇಕ್ ವಿಸ್ಟಾ ಎಂದು ಹೆಸರಿಟ್ಟರು. ನಿಜವಾದ ಸರೋವರ ಬೆನ್ನಿಗಿತ್ತು, ರೈಲಿನ ಕಿಟಕಿಯಿಂದ ಕಾಣುವ ಮುಖಕ್ಕೆ ಒಪ್ಪವಾದ ಕೊಳ ಬೇಕಾಗಿತ್ತು.

ಮನೆಗಳ ವಿಂಗಡಣೆ ಕಾರ್ಖಾನೆಯೊಳಗಿನ ಶ್ರೇಣಿಯನ್ನೇ ಹೋಲುತ್ತಿತ್ತು. ಕಾರ್ಖಾನೆಗೆ ಎದುರಾಗಿ ಅಧಿಕಾರಿಗಳ ದೊಡ್ಡ ಮನೆಗಳು. ಅವುಗಳ ಹಿಂದೆ ಮೇಸ್ತ್ರಿಗಳ ಮತ್ತು ನುರಿತ ಕೆಲಸಗಾರರ ಎರಡಂತಸ್ತಿನ ಇಟ್ಟಿಗೆ ಸಾಲುಮನೆಗಳು. ಸರೋವರದ ಕಡೆಗೆ ಹೋದಂತೆ ಕೂಲಿಗಳಿಗಾಗಿ ಕಟ್ಟಿದ ದೊಡ್ಡ ವಠಾರಗಳು. ಇಟ್ಟಿಗೆ ಗೂಡುಗಳ ಬಳಿ ಮರದ ಹಲಗೆಯ ಗುಡಿಸಲುಗಳು. ಬೀದಿಗಳಿಗೆ ವ್ಯಾಟ್, ಸ್ಟೀಫನ್ಸನ್, ಫುಲ್ಟನ್, ಮೋರ್ಸ್ ಮುಂತಾದ ಯಂತ್ರಶೋಧಕರ ಹೆಸರು. ಮನೆಯ ಮುಂದಿನ ಹುಲ್ಲುಹಾಸನ್ನು ಕಂಪನಿಯೇ ಕತ್ತರಿಸುತ್ತಿತ್ತು, ಹಿತ್ತಿಲ ಓಣಿಯಿಂದ ಕಸವನ್ನು ಕಂಪನಿಯೇ ಒಯ್ಯುತ್ತಿತ್ತು.

ನೀರು ಮತ್ತು ಒಳಚರಂಡಿಯ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಪುಲ್ಮನ್‌ನ ಮನಸ್ಸು ಅಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಶಿಕಾಗೋದಲ್ಲಿ ಆಗ ಊರಿನ ಹೊಲಸು ನದಿಗೆ, ನದಿಯಿಂದ ಮಿಶಿಗನ್ ಸರೋವರಕ್ಕೆ ಸೇರಿ, ಅದೇ ಸರೋವರದಿಂದ ಕುಡಿಯುವ ನೀರೂ ಬರುತ್ತಿದ್ದುದರಿಂದ ಟೈಫಾಯಿಡ್ ಸಾಮಾನ್ಯವಾಗಿತ್ತು. ಪುಲ್ಮನ್ ಊರಿನಲ್ಲಿ ಮಳೆನೀರಿಗೂ ಮನೆಯ ಕೊಳಚೆಗೂ ಬೇರೆ ಬೇರೆ ಕೊಳವೆಗಳಿದ್ದವು. ಮಳೆನೀರು ನೇರವಾಗಿ ಕ್ಯಾಲ್ಯುಮೆಟ್ ಸರೋವರಕ್ಕೆ ಹೋಗುತ್ತಿತ್ತು. ಕೊಳಚೆ ಮಾತ್ರ 195 ಅಡಿ ಎತ್ತರದ ನೀರಿನ ಗೋಪುರದ ಅಡಿಯಲ್ಲಿದ್ದ ತೊಟ್ಟಿಯಲ್ಲಿ ಶೇಖರವಾಗಿ, ಅಲ್ಲಿಂದ ಪಂಪಿನ ಮೂಲಕ ಊರಿನ ದಕ್ಷಿಣದ ಸುಮಾರು 140 ಎಕರೆಯ ಹೊಲಕ್ಕೆ ಸಾಗುತ್ತಿತ್ತು. ಆ ಗೊಬ್ಬರದಲ್ಲಿ ಬೆಳೆದ ತರಕಾರಿಯನ್ನು ಕಂಪನಿ ಮಾರುತ್ತಿತ್ತು. ರೋಗ ಹರಡದಂತೆ ನೋಡಿಕೊಂಡ ಈ ಏರ್ಪಾಟು ಆ ಕಾಲಕ್ಕೆ ಅಪರೂಪದ್ದು, ಅದನ್ನು ಮೆಚ್ಚಲೇಬೇಕು. ಅದರ ಜತೆಗೇ, ಊರಿನ ಮಲವೂ ಆದಾಯದ ಬಾಬ್ತಾಗಿತ್ತು ಎಂಬುದನ್ನೂ ಗಮನಿಸಬೇಕು.

ಪುಲ್ಮನ್ ಈ ಊರನ್ನು ಎಂದೂ ದಾನವೆಂದು ಕರೆದವನಲ್ಲ. ಹೂಡಿದ ಬಂಡವಾಳಕ್ಕೆ ಊರು ವರ್ಷಕ್ಕೆ ಶೇ. 6ರಷ್ಟು ಪ್ರತಿಫಲ ಕೊಡಬೇಕು ಎಂಬುದು ಅವನ ಲೆಕ್ಕ. ನಮ್ಮಲ್ಲಿ ಭದ್ರಾವತಿಯಲ್ಲೋ ದೂರವಾಣಿನಗರದಲ್ಲೋ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಮನೆ ಎಂದರೆ ಸಂಬಳದ ಜತೆ ಬರುವ ಸವಲತ್ತು, ಬಾಡಿಗೆ ಹೆಸರಿಗಷ್ಟೆ. ಪುಲ್ಮನ್‌ನಲ್ಲಿ ಪ್ರತಿ ಕಟ್ಟಡವೂ ತನ್ನ ಪಾಲು ದುಡಿಯಬೇಕಿತ್ತು. ಆರ್ಕೇಡ್ ಎಂಬ ಭಾರಿ ಕಟ್ಟಡದಲ್ಲಿ ಅಂಗಡಿ, ಬ್ಯಾಂಕು, ಸಾವಿರ ಆಸನದ ರಂಗಮಂದಿರ, ಗ್ರಂಥಾಲಯ ಇದ್ದವು. ಗ್ರಂಥಾಲಯಕ್ಕೆ ಪುಲ್ಮನ್ ತಾನೇ 5,000 ಪುಸ್ತಕ ಕೊಟ್ಟಿದ್ದರೂ ಓದುಗರು ವರ್ಷಕ್ಕೆ 3 ಡಾಲರ್ ಚಂದಾ ಕಟ್ಟಬೇಕಿತ್ತು. ಪೆನ್ಸಿಲ್ವೇನಿಯಾದಿಂದ ತರಿಸಿದ ಹಸಿರು ಕಲ್ಲಿನಲ್ಲಿ ಕಟ್ಟಿದ ಚರ್ಚಿನ ಕಥೆ ಇನ್ನೂ ಸ್ವಾರಸ್ಯಕರ. ಎಲ್ಲ ಪಂಥದವರೂ ಸೇರಿ ಒಂದನ್ನೇ ಬಳಸಲಿ ಎಂಬುದು ಉದ್ದೇಶ. ಯಾವ ಪಂಥದವರಿಗೂ ಅದರ ಬಾಡಿಗೆ ಕೈಗೆಟುಕದೆ, ದರ ಇಳಿಸುವವರೆಗೆ ಚರ್ಚು ಖಾಲಿ ನಿಂತಿತ್ತು. ಮಗಳು ಫ್ಲಾರೆನ್ಸ್‌ಳ ಹೆಸರಿನ ಹೋಟೆಲಿನಲ್ಲಿ ಮಾತ್ರ ಮದ್ಯ ಸಿಗುತ್ತಿತ್ತು, ಅದೂ ಅತಿಥಿಗಳಿಗಾಗಿ. ಕುಡಿಯಬೇಕೆನ್ನಿಸಿದ ಕೆಲಸಗಾರ ಹಳಿ ದಾಟಿ ಕೆನ್ಸಿಂಗ್ಟನ್‌ಗೆ ನಡೆಯುತ್ತಿದ್ದ. ಅಲ್ಲಿ ಹೆಂಡದಂಗಡಿಗಳಿಗೆ ಬರವಿರಲಿಲ್ಲ. ಒಂದು ಊರನ್ನು ಒಣಗಿಸಿದರೆ ಪಕ್ಕದ ಊರು ಒದ್ದೆಯಾಗುತ್ತದೆ ಎಂಬುದು ಪಾನನಿರೋಧ ಕಂಡ ಎಲ್ಲರಿಗೂ ಗೊತ್ತಿರುವ ವಿಷಯ.

ಮನೆಯನ್ನು ಕೊಳ್ಳಲು ಯಾರಿಗೂ ಅವಕಾಶವಿರಲಿಲ್ಲ. ಬಾಡಿಗೆ ಕರಾರನ್ನು ಎರಡೂ ಕಡೆಯವರು ಹತ್ತು ದಿನದ ಸೂಚನೆ ಕೊಟ್ಟು ಮುಗಿಸಬಹುದಿತ್ತು. ಕಾಗದದ ಮೇಲೆ ಸಮಾನವಾಗಿ ಕಾಣುವ ಈ ಷರತ್ತಿನಲ್ಲಿ ಯಾರಿಗೆ ಅನುಕೂಲವಿತ್ತೆಂದು ಹೇಳಬೇಕಿಲ್ಲ. ಅಲ್ಲೇ ವಾಸಿಸಬೇಕೆಂಬ ಲಿಖಿತ ನಿಯಮವಿರಲಿಲ್ಲ, ಆದರೆ ಕೆಲಸ ಕಡಿಮೆಯಾದಾಗ ಕಂಪನಿಯ ಬಾಡಿಗೆದಾರರಿಗೇ ಮೊದಲ ಆದ್ಯತೆ ಎಂಬುದು ಕೆಲಸಗಾರರಿಗೆ ತಿಳಿದಿತ್ತು. ಅರ್ಥಶಾಸ್ತ್ರಜ್ಞ ರಿಚರ್ಡ್ ಈಲಿ ಊರನ್ನು ಕಂಡು 1885ರಲ್ಲಿ ಬರೆದಾಗ, ಅದರ ಅಂದವನ್ನೂ ಶುಚಿಯನ್ನೂ ಮನಸಾರೆ ಹೊಗಳಿದ. ಆದರೂ ಇಲ್ಲಿ ಯಾರಿಗೂ ಊರು ತಮ್ಮದೆಂಬ ಭಾವವಿಲ್ಲ, ಜನ ಬಾಯಿಬಿಟ್ಟು ಮಾತಾಡಲು ಹೆದರುತ್ತಾರೆ ಎಂದು ಗುರುತಿಸಿ, ಇದನ್ನು ಹಿತ ಬಯಸುವ ಪಾಳೇಗಾರಿಕೆ ಎಂದು ಕರೆದ. 1889ರಲ್ಲಿ ಸುತ್ತಲಿನ ಹೈಡ್ ಪಾರ್ಕ್ ಪ್ರದೇಶ ಶಿಕಾಗೋ ನಗರದಲ್ಲಿ ವಿಲೀನವಾದಾಗ, ಪುಲ್ಮನ್‌ನ ವಿರೋಧದ ನಡುವೆಯೂ ಅವನ ಊರು ಕಾಗದದ ಮೇಲೆ ನಗರದ ಭಾಗವಾಯಿತು. ನೆಲದ ಒಡೆತನ ಮಾತ್ರ ಬದಲಾಗಲಿಲ್ಲ.

1893ರ ಹೊತ್ತಿಗೆ ಅಲ್ಲಿ 12,000ಕ್ಕೂ ಹೆಚ್ಚು ಜನರಿದ್ದರು. ಸ್ವೀಡನ್, ಜರ್ಮನಿ, ಬ್ರಿಟನ್, ಐರ್ಲೆಂಡ್, ಹಾಲೆಂಡ್‌ಗಳಿಂದ ಬಂದವರ ಸಂಖ್ಯೆ ದೊಡ್ಡದಿತ್ತು. ಆ ವರ್ಷ ಶಿಕಾಗೋದಲ್ಲಿ ನಡೆದ ವಿಶ್ವ ವಸ್ತುಪ್ರದರ್ಶನಕ್ಕೆ ಬಂದವರಲ್ಲಿ ಅನೇಕರು ಈ ಮಾದರಿ ಊರನ್ನೂ ನೋಡಿ ಹೋದರು. ಪ್ರದರ್ಶನ ಮುಗಿಯುವ ಮೊದಲೇ ದೇಶವನ್ನು ಭೀಕರ ಆರ್ಥಿಕ ಕುಸಿತ ಆವರಿಸಿತ್ತು. ರೈಲ್ವೆಗಳು ಒಂದರ ಹಿಂದೆ ಒಂದು ದಿವಾಳಿಯಾಗಿ, ಹೊಸ ಬೋಗಿಗಳಿಗೆ ಬೇಡಿಕೆ ನಿಂತಿತು. ಕಂಪನಿ ಸಾವಿರಾರು ಜನರನ್ನು ಕೆಲಸದಿಂದ ತೆಗೆಯಿತು. ಉಳಿದವರ ಕೂಲಿಯನ್ನು ಸರಾಸರಿ ಶೇ. 25ರಷ್ಟು ಕಡಿಮೆ ಮಾಡಿತು. ಮನೆಬಾಡಿಗೆಯಲ್ಲಿ ಒಂದು ಸೆಂಟೂ ಇಳಿಯಲಿಲ್ಲ.

ಪುಲ್ಮನ್ ಕೊಟ್ಟ ಸಮರ್ಥನೆ ತರ್ಕಬದ್ಧವಾಗಿಯೇ ಇತ್ತು, ಮತ್ತು ಇಡೀ ಪ್ರಕರಣದ ತಿರುಳು ಇರುವುದು ಅದರಲ್ಲೇ. ಬೋಗಿ ಕಟ್ಟುವುದು ಒಂದು ವ್ಯವಹಾರ, ಮನೆ ಬಾಡಿಗೆಗೆ ಕೊಡುವುದು ಇನ್ನೊಂದು ವ್ಯವಹಾರ. ಒಂದರಲ್ಲಿ ನಷ್ಟವಾದರೆ ಕೂಲಿ ಇಳಿಯುತ್ತದೆ, ಇನ್ನೊಂದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಅವನು ವಾದಿಸಿದ. ಕಾರ್ಖಾನೆ ಮುಚ್ಚದಿರಲೆಂದು ತಾನು ನಷ್ಟಕ್ಕೂ ಗುತ್ತಿಗೆ ಹಿಡಿದಿದ್ದೇನೆ, ಮನೆಗಳಿಂದ ಬರುತ್ತಿರುವುದು ನಿರೀಕ್ಷಿತ ಶೇ. 6 ಕೂಡ ಅಲ್ಲ ಎಂದ. ಅದು ಸುಳ್ಳಲ್ಲ, ಊರಿನ ಪ್ರತಿಫಲ ಶೇ. 4ಕ್ಕಿಂತ ಕೆಳಗಿಳಿದಿತ್ತು. ಆದರೆ ಕಂಪನಿಯ ಖಾತೆಯಲ್ಲಿ ಎರಡಾಗಿದ್ದದ್ದು ಕೆಲಸಗಾರನ ಅಡುಗೆಮನೆಯಲ್ಲಿ ಒಂದೇ ಆಗಿತ್ತು. ಕೂಲಿ ಕೊಡುವವನೂ ಬಾಡಿಗೆ ಕೇಳುವವನೂ ಒಬ್ಬನೇ. ಹೊರಗಿನ ಮನೆಮಾಲೀಕನಾಗಿದ್ದರೆ ಕೆಟ್ಟ ಕಾಲದಲ್ಲಿ ಮನೆ ಖಾಲಿಯಾಗುವ ಭಯಕ್ಕಾದರೂ ಬಾಡಿಗೆ ಇಳಿಸುತ್ತಿದ್ದ. ಇಲ್ಲಿ ಆ ಭಯವಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಕೊಡುವ ಸಂಬಳ ಎರಡು ಚೆಕ್ಕುಗಳಾಗಿ ಬರುತ್ತಿತ್ತು: ಒಂದು ಬಾಡಿಗೆಯ ಮೊತ್ತಕ್ಕೆ, ಮತ್ತೊಂದು ಉಳಿದದ್ದಕ್ಕೆ. ಚೆಕ್ಕು ಬದಲಾಯಿಸುವ ಬ್ಯಾಂಕೂ ಕಂಪನಿಯದೇ. ಊರಿನ ಮೆಥಡಿಸ್ಟ್ ಪಾದ್ರಿ ವಿಲಿಯಂ ಕಾರ್ವರ್ಡೈನ್ ಹೇಳಿದ ಒಂದು ಸಂಗತಿ ಬಹಳ ಪ್ರಸಿದ್ಧ: ಬಾಡಿಗೆ ಕಳೆದು ಒಬ್ಬ ಕೆಲಸಗಾರನಿಗೆ ಉಳಿದದ್ದು 2 ಸೆಂಟಿನ ಚೆಕ್ಕು. ಅವನು ಅದನ್ನು ನಗದು ಮಾಡಿಸದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದ.

ಬಾಡಿಗೆಯೊಂದೇ ಅಲ್ಲ. ನೆರೆಯ ಹೈಡ್ ಪಾರ್ಕಿನಲ್ಲಿ ಸಾವಿರ ಘನ ಅಡಿಗೆ 75 ಸೆಂಟ್ ಇರುವ ಗ್ಯಾಸನ್ನು ಇಲ್ಲಿ 2.25 ಡಾಲರಿಗೆ ಮಾರುತ್ತಾರೆ ಎಂಬುದು ಮುಷ್ಕರನಿರತರ ದೂರುಗಳಲ್ಲೊಂದಾಗಿತ್ತು. ಇತ್ತ ಕಂಪನಿಯ ವಾರ್ಷಿಕ ಲೆಕ್ಕ ಹೀಗಿತ್ತು: 1893ರ ಜುಲೈಗೆ ಕೊನೆಗೊಂಡ ವರ್ಷದಲ್ಲಿ ಕೂಲಿಗೆ ಖರ್ಚಾದದ್ದು ಸುಮಾರು 72 ಲಕ್ಷ ಡಾಲರ್, ಷೇರುದಾರರಿಗೆ ಹಂಚಿದ್ದು 25.2 ಲಕ್ಷ. ಮರುವರ್ಷ ಕೂಲಿ ಸುಮಾರು 44.7 ಲಕ್ಷಕ್ಕೆ ಕುಸಿಯಿತು, ಲಾಭಾಂಶ 28.8 ಲಕ್ಷಕ್ಕೆ ಏರಿತು. ಬೋಗಿ ಕಟ್ಟುವ ವಿಭಾಗ ಸೊರಗಿದ್ದರೂ ಓಡುತ್ತಿದ್ದ ಬೋಗಿಗಳ ಬಾಡಿಗೆ ನಿಂತಿರಲಿಲ್ಲ ಎಂಬುದೇ ಇದಕ್ಕೆ ಕಾರಣ. ಅಧಿಕಾರಿಗಳ ಮತ್ತು ಮೇಲ್ವಿಚಾರಕರ ಸಂಬಳಕ್ಕೆ ಕತ್ತರಿ ಬೀಳಲಿಲ್ಲ.

1894ರ ಮೇ ತಿಂಗಳಲ್ಲಿ ಕೆಲಸಗಾರರ ನಿಯೋಗವೊಂದು ಕಂಪನಿಯ ಅಧಿಕಾರಿಗಳನ್ನು ಕಂಡು ಅಹವಾಲು ಹೇಳಿತು. ಯಾರ ಮೇಲೂ ಸೇಡು ತೀರಿಸಿಕೊಳ್ಳುವುದಿಲ್ಲ ಎಂಬ ಭರವಸೆಯ ಬೆನ್ನಿಗೇ ನಿಯೋಗದ ಮೂವರು ಕೆಲಸ ಕಳೆದುಕೊಂಡರು. ಅದು ಆಕಸ್ಮಿಕ ಎಂದು ಕಂಪನಿ ಹೇಳಿತು, ಯಾರೂ ನಂಬಲಿಲ್ಲ. ಮೇ 11ರಂದು ಜನ ಉಪಕರಣ ಕೆಳಗಿಟ್ಟು ಹೊರನಡೆದರು. ಆ ಹೊತ್ತಿಗೆ ಊರಿನಲ್ಲಿ ಬಾಕಿ ಉಳಿದ ಬಾಡಿಗೆಯೇ ಸುಮಾರು 70,000 ಡಾಲರ್ ಆಗಿತ್ತು. ಯೂಜೀನ್ ಡೆಬ್ಸ್‌ನ ಅಮೆರಿಕನ್ ರೈಲ್ವೆ ಯೂನಿಯನ್ನಿನ ಸದಸ್ಯರು ಜೂನ್ 26ರಿಂದ, ಪುಲ್ಮನ್ ಬೋಗಿ ಜೋಡಿಸಿದ ಯಾವ ರೈಲನ್ನೂ ಮುಟ್ಟುವುದಿಲ್ಲ ಎಂದು ನಿಂತರು. 27 ರಾಜ್ಯಗಳಲ್ಲಿ ಸಂಚಾರ ಅಸ್ತವ್ಯಸ್ತವಾಯಿತು. ಅಂಚೆ ಸಾಗಣೆಗೆ ಅಡ್ಡಿ ಎಂಬ ಕಾರಣ ಮುಂದಿಟ್ಟು ಕೇಂದ್ರ ಸರ್ಕಾರ ಜುಲೈ 2ರಂದು ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ರಾಜ್ಯಪಾಲ ಜಾನ್ ಆಲ್ಟ್‌ಗೆಲ್ಡ್ ಪ್ರತಿಭಟಿಸಿದರೂ ಲೆಕ್ಕಿಸದೆ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಶಿಕಾಗೋಗೆ ಸೇನೆ ಕಳಿಸಿದ. ಗಲಭೆ, ಬೆಂಕಿ, ಗುಂಡೇಟುಗಳಲ್ಲಿ ಹಲವರು ಸತ್ತರು. ಇವೆಲ್ಲ ನಡೆದದ್ದು ಊರಿನ ಹೊರಗೆ, ರೈಲ್ವೆ ಯಾರ್ಡುಗಳಲ್ಲಿ. ಪುಲ್ಮನ್ ಊರು ಬಹುಮಟ್ಟಿಗೆ ಶಾಂತವಾಗಿ ಹಸಿದಿತ್ತು. ಆಗಸ್ಟಿನಲ್ಲಿ ಕಾರ್ಖಾನೆ ಮತ್ತೆ ತೆರೆದಾಗ, ಯೂನಿಯನ್ ಬಿಡುತ್ತೇನೆಂದು ಬರೆದುಕೊಟ್ಟವರಿಗೆ ಮಾತ್ರ ಕೆಲಸ ಸಿಕ್ಕಿತು. ಡೆಬ್ಸ್ ಜೈಲಿಗೆ ಹೋದ. ಕಾರ್ಮಿಕ ದಿನವನ್ನು ರಾಷ್ಟ್ರೀಯ ರಜೆಯಾಗಿಸುವ ಮಸೂದೆಗೆ ಕ್ಲೀವ್‌ಲ್ಯಾಂಡ್ ಸಹಿ ಹಾಕಿದ್ದು ಜೂನ್ 28ರಂದು, ಬಹಿಷ್ಕಾರ ಶುರುವಾದ ಎರಡೇ ದಿನಕ್ಕೆ.

ಕ್ಯಾರಲ್ ರೈಟ್ ಅಧ್ಯಕ್ಷತೆಯ ತನಿಖಾ ಆಯೋಗ ಅದೇ ವರ್ಷ ವರದಿ ಕೊಟ್ಟಿತು. ಪುಲ್ಮನ್‌ನ ಬಾಡಿಗೆ ಸುತ್ತಲಿನ ಊರುಗಳಿಗಿಂತ ಶೇ. 20ರಿಂದ 25ರಷ್ಟು ಹೆಚ್ಚು ಎಂದು ಅದು ಕಂಡುಕೊಂಡಿತು. ಊರಿನ ಅಂದವನ್ನು ನೋಡಲು ಬಂದವರು ಮೆಚ್ಚುತ್ತಾರೆ, ಆದರೆ ಊಟಕ್ಕೇ ಇಲ್ಲದಿರುವಾಗ ಕೆಲಸಗಾರರ ಪಾಲಿಗೆ ಆ ಅಂದದ ಬೆಲೆ ಅಲ್ಪ ಎಂದು ಅದು ಬರೆಯಿತು. 1896ರಲ್ಲಿ ಪ್ರಾಗ್ ನಗರದ ನೈರ್ಮಲ್ಯ ಪ್ರದರ್ಶನವೊಂದು ಇದೇ ಊರಿಗೆ ಜಗತ್ತಿನ ಅತ್ಯಂತ ಪರಿಪೂರ್ಣ ಊರೆಂಬ ಪ್ರಶಸ್ತಿ ಕೊಟ್ಟಿತು. ಚರಂಡಿಯನ್ನಷ್ಟೇ ಅಳೆದಿದ್ದರೆ ತೀರ್ಪು ಸರಿಯೇ. ಪುಲ್ಮನ್ 1897ರ ಅಕ್ಟೋಬರಿನಲ್ಲಿ ತೀರಿಕೊಂಡ. ಸಿಟ್ಟಾದವರು ಶವಕ್ಕೆ ಕೈಹಾಕಿಯಾರೆಂಬ ಭಯದಿಂದ ಕುಟುಂಬದವರು ಶವಪೆಟ್ಟಿಗೆಯನ್ನು ಕಾಂಕ್ರೀಟು ಮತ್ತು ಉಕ್ಕಿನ ಕಂಬಿಗಳ ನಡುವೆ ಹೂಳಿಸಿದರು. ಮರುವರ್ಷ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಬೋಗಿ ತಯಾರಿಸಲೆಂದು ಪಡೆದ ಸನ್ನದು ಊರನ್ನು ಹೊಂದಲು ಅಧಿಕಾರ ಕೊಡುವುದಿಲ್ಲ ಎಂದು ತೀರ್ಪಿತ್ತಿತು. ನಂತರದ ಸುಮಾರು ಹತ್ತು ವರ್ಷಗಳಲ್ಲಿ ಮನೆಗಳು ಮಾರಾಟವಾದವು. ಕೊಂಡವರಲ್ಲಿ ಅಲ್ಲಿನ ಬಾಡಿಗೆದಾರರೇ ಅನೇಕರು.

ಈ ಕಥೆಯಲ್ಲಿ ಊರಿನೊಳಗೆ ಕಾಣಿಸದ ಒಂದು ದೊಡ್ಡ ವರ್ಗವಿದೆ. ಪುಲ್ಮನ್ ಬೋಗಿಗಳಲ್ಲಿ ಹಾಸಿಗೆ ಹಾಸಿ, ಬೂಟು ಉಜ್ಜಿ, ರಾತ್ರಿಯಿಡೀ ಎಚ್ಚರವಿರುತ್ತಿದ್ದ ಪೋರ್ಟರುಗಳು ಕಪ್ಪು ಜನಾಂಗದವರು, ಶುರುವಿನಲ್ಲಿ ಬಹುತೇಕ ಗುಲಾಮಗಿರಿಯಿಂದ ಬಿಡುಗಡೆಯಾದವರು. ಪ್ರಯಾಣಿಕರು ಅವರನ್ನು ಮಾಲೀಕನ ಹೆಸರಿನಿಂದಲೇ ‘ಜಾರ್ಜ್’ ಎಂದು ಕೂಗುತ್ತಿದ್ದರು. ಮಾದರಿ ಊರಿನಲ್ಲಿ ಅವರಿಗೆ ಮನೆಯಿರಲಿಲ್ಲ. ಡೆಬ್ಸ್‌ನ ಯೂನಿಯನ್ ಕೂಡ ಅವರನ್ನು ಸದಸ್ಯರಾಗಿ ಸೇರಿಸಿಕೊಳ್ಳಲಿಲ್ಲ. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳತ್ವದಲ್ಲಿ ಅವರು ತಮ್ಮದೇ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡರು. ತಿಂಗಳಿಗೆ 400 ಗಂಟೆಯಷ್ಟಿದ್ದ ದುಡಿಮೆ 240 ಗಂಟೆಗೆ ಇಳಿಯಿತು. 1894ರಲ್ಲಿ ಗೆಲ್ಲಲಾಗದ್ದನ್ನು ಗೆದ್ದವರು ಇವರು.

ಊರಿನ ಇಟ್ಟಿಗೆ ಉಳಿಯಿತು, ಇಟ್ಟಿಗೆಗೆ ಮಣ್ಣು ಕೊಟ್ಟ ಸರೋವರ ಅಷ್ಟಾಗಿ ಉಳಿಯಲಿಲ್ಲ. ಕ್ಯಾಲ್ಯುಮೆಟ್ ನದಿಯ ಉದ್ದಕ್ಕೂ ಉಕ್ಕಿನ ಕಾರ್ಖಾನೆಗಳು ಎದ್ದವು. ಅವುಗಳ ಕಿಟ್ಟ, ನಗರದ ಕಸ, ಅಗೆದ ಮಣ್ಣು ಸರೋವರದ ಅಂಚುಗಳನ್ನು ತುಂಬುತ್ತ ಬಂದವು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿ ಬಂದರು ಬಂತು. ದೊಡ್ಡ ಹಡಗುಗಳಿಗಾಗಿ ಒಂದು ಕಡೆ ಆಳ ಮಾಡಿದರು, ಇನ್ನೊಂದು ಕಡೆ ಹೂಳಿದರು. ಊರಿಗೂ ನೀರಿಗೂ ನಡುವೆ ಹೆದ್ದಾರಿ ಹಾದುಹೋಯಿತು. ಕಸ ತುಂಬಿದ ದಂಡೆಯ ಒಂದು ಭಾಗದ ಮೇಲೆ ಈಗ ಗಾಲ್ಫ್ ಮೈದಾನವಿದೆ. ಪುಲ್ಮನ್‌ನ ಬೀದಿಗಳಲ್ಲಿ ನಡೆಯುವವರಿಗೆ ಇಂದು ಸರೋವರ ಕಾಣುವುದೇ ಇಲ್ಲ.

ಊರೂ ನೆಲಸಮವಾಗುವುದರಲ್ಲಿತ್ತು. 1960ರಲ್ಲಿ 111ನೇ ಮತ್ತು 115ನೇ ಬೀದಿಗಳ ನಡುವಿನ ಮನೆಗಳನ್ನೆಲ್ಲ ಕೆಡವಿ ಕೈಗಾರಿಕಾ ಪ್ರದೇಶ ಮಾಡುವ ಯೋಜನೆ ಹೊರಬಂದಾಗ, ನಿವಾಸಿಗಳು ಸಂಘಟಿತರಾಗಿ ಅದನ್ನು ತಡೆದರು. ಮುಂದಿನ ಹನ್ನೆರಡು ವರ್ಷಗಳಲ್ಲಿ ರಾಜ್ಯ, ದೇಶ, ನಗರ ಮೂರೂ ಮಟ್ಟದಲ್ಲಿ ಸಂರಕ್ಷಿತ ತಾಣವೆಂಬ ಮಾನ್ಯತೆ ದೊರಕಿಸಿಕೊಂಡರು. 1998ರ ಡಿಸೆಂಬರಿನಲ್ಲಿ ಕಿಡಿಗೇಡಿಯೊಬ್ಬ ಹಚ್ಚಿದ ಬೆಂಕಿ ಕಾರ್ಖಾನೆಯ ಗಡಿಯಾರ ಗೋಪುರವನ್ನು ಸುಟ್ಟಿತು, ಅದನ್ನು ಮತ್ತೆ ಕಟ್ಟಲಾಯಿತು. 2015ರ ಫೆಬ್ರವರಿಯಲ್ಲಿ ಅಧ್ಯಕ್ಷ ಬರಾಕ್ ಒಬಾಮ ಊರನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 2022ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಒಬಾಮ 1980ರ ದಶಕದಲ್ಲಿ ಸಮುದಾಯ ಸಂಘಟಕನಾಗಿ ಕೆಲಸ ಮಾಡಿದ್ದು ಇದೇ ಪ್ರದೇಶದಲ್ಲಿ. ಅವರು ಕೆಲಸ ಮಾಡಿದ ವಸತಿ ಸಮುಚ್ಚಯಗಳಲ್ಲಿ ಒಂದಕ್ಕೆ, ಸೇನೆ ಬೇಡವೆಂದಿದ್ದ ರಾಜ್ಯಪಾಲ ಆಲ್ಟ್‌ಗೆಲ್ಡ್‌ನ ಹೆಸರಿದೆ.

ಬೋಗಿ ಕಟ್ಟುವ ಕೆಲಸ ನಿಂತು ದಶಕಗಳಾದರೂ ದುಡಿಮೆ ಈ ಪ್ರದೇಶವನ್ನು ಪೂರ್ತಿ ಬಿಟ್ಟುಹೋಗಿಲ್ಲ. 2015ರಲ್ಲಿ ಮೆಥಡ್ ಕಂಪನಿ ಇಲ್ಲಿ ಸಾಬೂನು ಕಾರ್ಖಾನೆ ತೆರೆಯಿತು. ಅದರ ಚಾವಣಿಯ ಮೇಲಿನ ಗಾಜಿನ ಮನೆಯಲ್ಲಿ ಇನ್ನೊಂದು ಕಂಪನಿ ಸೊಪ್ಪು ಬೆಳೆಯುತ್ತದೆ. ದಿನಸಿ ಹಾಗೂ ಆನ್‌ಲೈನ್ ಮಾರಾಟದ ಗೋದಾಮುಗಳೂ ಬಂದಿವೆ. ಇವುಗಳಲ್ಲಿ ಯಾವ ಕಂಪನಿಯೂ ಕೆಲಸಗಾರರಿಗೆ ಮನೆ ಕಟ್ಟಿಸಿಲ್ಲ. ಹಳೆಯ ಸಾಲುಮನೆಗಳು ಬಹುತೇಕ ಖಾಸಗಿ ಸ್ವತ್ತಾಗಿವೆ, ಜನ ಅವುಗಳಲ್ಲಿ ವಾಸವಾಗಿದ್ದಾರೆ, ಮತ್ತು ಬೀದಿಗೆ ಕಾಣುವ ಮುಂಭಾಗದಲ್ಲಿ ಏನಾದರೂ ಬದಲಾಯಿಸಬೇಕಿದ್ದರೆ ಮಾಲೀಕರು ನಗರದ ಸಂರಕ್ಷಣಾ ಆಯೋಗದ ಒಪ್ಪಿಗೆ ಪಡೆಯಬೇಕು.